ಪಾಚಿ ಚೆಂಡಿನ ಕುಂಡ ವಾಲಿದರೆ

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಊಟದ ಮೇಜಿನ ಮೇಲಿಡಲು ಕುಂಡದಲ್ಲಿ ಕಡ್ಡಿ ನೆಟ್ಟು, ತುದಿಗೆ ಥರ್ಮೊಕೋಲ್ ಚೆಂಡು ಸಿಕ್ಕಿಸಿ ಒಣ ಪಾಚಿ ಅಂಟಿಸಿದೆ. ಬಿಸಿ ಅಂಟಿಗೆ ಚೆಂಡೇ ಕರಗಿ ಕುಳಿ ಬಿತ್ತು, ಕುಂಡವೂ ವಾಲುತ್ತಿದೆ. ಏನು ಮಾಡಲಿ ಅಕ್ಕಾ?
- ಓದುಗರೊಬ್ಬರು, ಬೆಳಗಾವಿ

ಉತ್ತರ: ಚೆಂಡನ್ನು ಬಿಸಾಡಬೇಡಿ, ಕುಳಿ ಬಿದ್ದ ಕಡೆ ಪಾಚಿಯನ್ನೇ ದಪ್ಪಗೆ ತುಂಬಿದರೆ ಮುಚ್ಚಿಹೋಗುತ್ತದೆ. ಥರ್ಮೊಕೋಲ್ ಗ್ಲೂ ಗನ್ನಿನ ಬಿಸಿ ತಡೆಯೋದಿಲ್ಲ. ಫೆವಿಕಾಲ್ ಹಚ್ಚಿ, ತೆಳು ತಂತಿಯನ್ನು ಹೇರ್‌ಪಿನ್ ಹಾಗೆ ಬಗ್ಗಿಸಿ ಅಲ್ಲಲ್ಲಿ ಚುಚ್ಚಿದರೆ ಅಂಟು ಒಣಗುವವರೆಗೂ ಪಾಚಿ ಜಾರುವುದಿಲ್ಲ. ಒಣ ಪಾಚಿ ಮುಟ್ಟಿದರೆ ಪುಡಿಯಾಗುತ್ತೆ ಅಲ್ವಾ? ಮೊದಲು ನೀರು ಚಿಮುಕಿಸಿ 10 ನಿಮಿಷ ಬಿಡಿ, ಮೆತ್ತಗಾಗಿ ಒದ್ದೆ ಬಟ್ಟೆಯಂತೆ ಚೆಂಡಿಗೆ ಸುತ್ತಿಕೊಳ್ಳುತ್ತದೆ, ಆ ಕೆಲಸ ನನಗಂತೂ ತುಂಬಾ ಇಷ್ಟ.

ವಾಲುವುದು ತಳ ಹಗುರವಾಗಿರೋದರಿಂದ. ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಸುರಿದು, ಗಟ್ಟಿಯಾಗುವವರೆಗೆ ಕಡ್ಡಿಯನ್ನು ನೆಟ್ಟಗೆ ಹಿಡಿದಿರಿ. ಅದು ಬಿಸಿಯಾಗಿ ಸ್ವಲ್ಪ ಹಿಗ್ಗುತ್ತದೆ, ಮಣ್ಣಿನ ಕುಂಡ ಬಿರುಕು ಬಿಡಬಹುದು. ಒಳಗೆ ಸುತ್ತಲೂ ಥರ್ಮೊಕೋಲ್ ಚೂರು ಇಟ್ಟರೆ ಆ ಭಯವಿಲ್ಲ.

ಎತ್ತರ ಒಂದು ಅಡಿ ಸಾಕು. ಜಾಸ್ತಿಯಾದರೆ ಎದುರು ಕೂತವರ ಮುಖ ಕಾಣುವುದಿಲ್ಲ.

ಇನ್ನೊಂದು ಮಾತು, ಪಾಚಿಗಾಗಿ ದಯವಿಟ್ಟು ಖಾನಾಪುರದ ಕಾಡಿಗೆ ಹೋಗಿ ಮರದಿಂದ ಕಿತ್ತು ತರಬೇಡಿ. ಅದು ಮತ್ತೆ ಬೆಳೆಯೋಕೆ ವರ್ಷಗಳೇ ಬೇಕು. ಮಳೆಗಾಲದಲ್ಲಿ ನಿಮ್ಮ ಕಾಂಪೌಂಡ್ ಗೋಡೆ ಮೇಲೆ ಬಂದಿದ್ದನ್ನೇ ಕೆರೆದು, ಮಣ್ಣು ಉದುರಿಸಿ, ನೆರಳಲ್ಲಿ ಒಣಗಿಸಿಡಿ. ಬಿಸಿಲಿಗಿಟ್ಟರೆ ಹಸಿರು ಬಣ್ಣ ಹೋಗುತ್ತದೆ.