ಸೆಕೆಂಡ್ ಹ್ಯಾಂಡ್ ಡಬಲ್ ಬೇಸ್ (ಪಿಟೀಲಿನ ಹಾಗಿರುವ, ತುಂಬಾ ದೊಡ್ಡ ತಂತಿವಾದ್ಯ) ಕೊಳ್ಳುವಾಗ ಏನೇನು ನೋಡಬೇಕು?

ಮೊದಲು ಕುತ್ತಿಗೆ ಮೈಗೆ ಸೇರುವ ಜಾಗ ನೋಡಿ. ಅಲ್ಲಿ ಬಿರುಕಿದ್ದರೆ ಬೆಲೆ ಎಷ್ಟೇ ಕಮ್ಮಿ ಇರಲಿ, ಬೇಡ. ಅಂಚಿನಲ್ಲಿ ಅಂಟು ಬಿಟ್ಟಿದ್ದರೆ ಹೆದರಬೇಡಿ, ಮತ್ತೆ ಅಂಟಿಸಬಹುದು. ಸೌಂಡ್‌ಪೋಸ್ಟ್ (ವಾದ್ಯದ ಒಳಗೆ ನೆಟ್ಟಗೆ ನಿಲ್ಲಿಸಿರುವ ಮರದ ಕಡ್ಡಿ) ಇರುವ ಕಡೆ ಹಲಗೆ ಸೀಳಿದ್ದರೆ ಮಾತ್ರ ರಿಪೇರಿ ದುಬಾರಿ. 3/4 ಸೈಜ್ ಅಂದರೆ ಮಕ್ಕಳದ್ದು ಅಲ್ಲ, ದೊಡ್ಡವರೂ ಜಾಸ್ತಿ ನುಡಿಸುವುದು ಅದನ್ನೇ. ಕಲಿಯುವವರಿಗೆ ಪ್ಲೈವುಡ್ಡಿನದೇ ವಾಸಿ ಅಂತೀನಿ. ಹವೆ ಬದಲಾದರೂ ಅಷ್ಟು ಸುಲಭವಾಗಿ ಸೀಳುವುದಿಲ್ಲ.

ಮನೆಗೆ ತಂದ ಮೇಲೆ ಸುಮ್ನೆ ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಬೇಡಿ. ಒಳಗಿನ ಸೌಂಡ್‌ಪೋಸ್ಟ್‌ಗೆ ಅಂಟು ಹಾಕಿರುವುದಿಲ್ಲ, ತಂತಿಗಳ ಬಿಗಿತವೇ ಅದನ್ನು ಹಿಡಿದಿರುತ್ತದೆ. ಸಡಿಲವಾದರೆ ಬಿದ್ದುಹೋಗಬಹುದು. ಒಂದೊಂದೇ ಬದಲಿಸಿ. ಶ್ರುತಿ ಮಾಡುವಾಗ ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ವಾಲಿದೆಯಾ ನೋಡಿ, ನೆಟ್ಟಗೆ ಮಾಡಿ. ತಂತಿ ತೀರಾ ಎತ್ತರದಲ್ಲಿದ್ದರೆ ಬ್ರಿಡ್ಜ್ ಕೆತ್ತಲು ನೀವೇ ಹೋಗಬೇಡಿ, ಪಿಟೀಲು ರಿಪೇರಿ ಬಲ್ಲವರಿಗೆ ಕೊಡಿ.