ಅಟ್ಲಾಂಟಾದಲ್ಲಿ ಮನೆ ಹಿತ್ತಲಲ್ಲಿ ಎಲೆ ಉದುರಿಸೋ ಲೋಕಲ್ ಅಜೇಲಿಯಾ (ಪೊದೆಯಾಗಿ ಬೆಳೆಯೋ ಹೂಗಿಡ) ಬೆಳೆಸಬಹುದಾ?

ಆರಾಮಾಗಿ ಬೆಳೆಸಬಹುದು, ಆದ್ರೆ ಜಾತಿ ನೋಡಿ ತಗೊಳ್ಳಿ. ನರ್ಸರೀಲಿ ಸಾಲಾಗಿ ಇಟ್ಟಿರೋ ವರ್ಷಪೂರ್ತಿ ಹಸಿರಾಗಿರೋವು ಹೆಚ್ಚಾಗಿ ಜಪಾನ್ ಕಡೆ ಮೂಲದವು, ನಿಮಗೆ ಬೇಕಾಗಿರೋದನ್ನ ಹೆಸರು ಹೇಳಿಯೇ ಕೇಳಬೇಕು. ಅಟ್ಲಾಂಟಾ ಇರೋ ಜಾರ್ಜಿಯಾ ರಾಜ್ಯದ ಸೆಕೆಗೆ ತಿಳಿಗುಲಾಬಿ ಹೂವಿನ ಪೀಡ್‌ಮಾಂಟ್, ಇಲ್ಲಾಂದ್ರೆ ಹಳದಿ-ಕಿತ್ತಳೆ ಬಣ್ಣದ ಫ್ಲೋರಿಡಾ ಅಜೇಲಿಯಾ ಸೇಫ್, ಎರಡಕ್ಕೂ ಒಳ್ಳೆ ಘಮ ಇದೆ. ಫ್ಲೇಮ್ ಅಜೇಲಿಯಾ ಫೋಟೋ ನೋಡಿ ಮರುಳಾಗ್ಬೇಡಿ, ಅದು ಅಪಲೇಚಿಯನ್ ಬೆಟ್ಟದ ತಂಪಿನ ಗಿಡ, ಬೆಟ್ಟದ ಕೆಳಗಿನ ತಗ್ಗು ಜಾಗದ ಬಿಸಿಗೆ ಸೊರಗುತ್ತೆ. ನನ್ನ ಓಟು ಪ್ಲಮ್‌ಲೀಫ್ ಅಜೇಲಿಯಾಗೆ, ಬೇರೆಲ್ಲಾ ಹೂ ಮುಗಿದ್ಮೇಲೆ ಜುಲೈ-ಆಗಸ್ಟಲ್ಲಿ ಕೆಂಪಗೆ ಅರಳುತ್ತೆ.

ಗಿಡ ಸಾಯೋದು ಬಹುತೇಕ ನೆಡೋ ರೀತಿಯಿಂದ. ಅಲ್ಲಿನ ಕೆಂಪು ಜೇಡಿಮಣ್ಣಲ್ಲಿ ಆಳವಾಗಿ ಗುಂಡಿ ತೋಡಿದ್ರೆ ಅದು ನೀರು ನಿಲ್ಲೋ ಬಕೆಟ್ ಆಗುತ್ತೆ, ಇದರ ಬೇರೋ ಕೂದಲಿನಷ್ಟು ಸಣ್ಣ, ಮೇಲ್ಮೇಲೇ ಹರಡುತ್ತೆ, ಹಾಗಾಗಿ ಗುಂಡಿ ಅಗಲ ಇರಲಿ, ಬೇರುಂಡೆ ನೆಲದಿಂದ 1-2 ಇಂಚು ಮೇಲೇ ಕೂರಲಿ, ಸುತ್ತ 2-3 ಇಂಚು ಪೈನ್ ತೊಗಟೆ ಹರಡಿ, ಕಾಂಡಕ್ಕೆ ತಾಗಬಾರದು. ಇದಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಮಣ್ಣಿನ ಹುಳಿಯ ಅಳತೆ) 4.5ರಿಂದ 6 ಒಳಗಿದ್ರೆ ಒಳ್ಳೇದು, ಹುಳಿ ಕಳೆಯೋ ಸುಣ್ಣ ಅಂತೂ ಹಾಕ್ಲೇಬೇಡಿ. ಬೆಳಗಿನ ಬಿಸಿಲು, ಮಧ್ಯಾಹ್ನ ಮರದ ನೆರಳು ಸಾಕು.

ಕತ್ತರಿಸೋದಿದ್ರೆ ಹೂ ಉದುರಿದ ತಕ್ಷಣ ಕತ್ತರಿಸಿ. ವಸಂತದಲ್ಲಿ ಹೂ ಬಿಡೋ ಜಾತಿಗಳಲ್ಲಿ ಮುಂದಿನ ವರ್ಷದ ಮೊಗ್ಗು ಬೇಸಿಗೆಯಲ್ಲೇ ಕಟ್ಟಿಬಿಡುತ್ತೆ. ಮನೇಲಿ ನಾಯಿ ಇದ್ರೆ ಹುಷಾರು, ಎಲೆ ಹೂ ಎರಡೂ ವಿಷ.