ಓದುಗರ ಪ್ರಶ್ನೆ, ನಮ್ಮ ಉತ್ತರ: ಸಂತೇಮರಹಳ್ಳಿಯ ಆ ಒಂದು ಮತ

ಪ್ರಶ್ನೆ: ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಒಂದೇ ಒಂದು ಮತದಿಂದ ಸೋತ ಅಭ್ಯರ್ಥಿಯ ಕಾರು ಚಾಲಕನೇ ಅಂದು ಮತ ಹಾಕಿರಲಿಲ್ಲ ಎಂದು ಪ್ರತಿ ಚುನಾವಣೆಯ ಹೊತ್ತಿಗೂ ಕೇಳುತ್ತೇವೆ. ಇದು ನಿಜವೇ? ಆತ ಮತ ಹಾಕಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ?
(ಯಳಂದೂರಿನ ಓದುಗರೊಬ್ಬರು)

ಉತ್ತರ: ಒಂದು ಮತದ ಅಂತರವಂತೂ ನಿಜ. 2004ರಲ್ಲಿ ಲೋಕಸಭೆಯ ಜೊತೆಗೇ ನಡೆದ ಕರ್ನಾಟಕ ವಿಧಾನಸಭೆಯ ಚುನಾವಣೆಯಲ್ಲಿ, ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ಕೃಷ್ಣಮೂರ್ತಿಯವರು ಆ ಭಾಗದಲ್ಲಿ ಅಪರಿಚಿತರೇನೂ ಆಗಿರಲಿಲ್ಲ. ಮಂತ್ರಿಯಾಗಿ, ಚಾಮರಾಜನಗರದ ಸಂಸದರಾಗಿ, ಮುಂದೆ ಕೇರಳದ ರಾಜ್ಯಪಾಲರೂ ಆಗಿದ್ದ ಬಿ. ರಾಚಯ್ಯನವರ ಪುತ್ರರು ಅವರು. ಅಂಥ ಮನೆತನದ ಅಭ್ಯರ್ಥಿ ಒಂದು ಮತದಿಂದ ಸೋತರು ಎಂಬುದೇ ಸುದ್ದಿಗೆ ಸಾಕಷ್ಟು ಕಸುವು ತುಂಬಿತು.

ಚಾಲಕನ ಮಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದು ನೆಲೆನಿಂತಿದೆ. ಮತದಾನದ ದಿನ ಓಡಾಟ ಹೆಚ್ಚಿದ್ದುದರಿಂದ ಆತನಿಗೆ ಮತಗಟ್ಟೆಗೆ ಹೋಗಲು ಬಿಡುವು ಸಿಗಲಿಲ್ಲ ಎಂಬುದು ಅದರ ಸಾರಾಂಶ. ಆದರೆ ಈ ಕಥೆಯನ್ನು ಹೇಳುವವರೆಲ್ಲ ಒಂದು ಸರಳ ಲೆಕ್ಕವನ್ನು ಮರೆಯುತ್ತಾರೆ. ಚಾಲಕ ಬಂದು ತನ್ನ ಮಾಲೀಕರಿಗೇ ಮತ ಹಾಕಿದ್ದರೂ ಇಬ್ಬರ ಮತಗಳೂ 40,752ಕ್ಕೆ ಸಮನಾಗುತ್ತಿದ್ದವೇ ಹೊರತು ಕೃಷ್ಣಮೂರ್ತಿಯವರು ಗೆಲ್ಲುತ್ತಿರಲಿಲ್ಲ. ಒಂದು ಮತದಿಂದ ಸೋತವರಿಗೆ ಗೆಲ್ಲಲು ಹೊಸದಾಗಿ ಎರಡು ಮತಗಳು ಬೇಕು. ಆದರೆ ಎದುರಾಳಿಗೆ ಮತ ಹಾಕಿದ ಒಬ್ಬರೇ ಒಬ್ಬರು ಮನಸ್ಸು ಬದಲಿಸಿ ಇವರಿಗೆ ಒತ್ತಿದ್ದರೆ ಫಲಿತಾಂಶ ಪೂರ್ತಿ ತಿರುವುಮುರುವಾಗುತ್ತಿತ್ತು. ಆದ್ದರಿಂದ ಮತಗಟ್ಟೆಗೆ ಬಾರದ ಆ ಚಾಲಕನ ತಲೆಯ ಮೇಲೆ ಇಡೀ ಸೋಲನ್ನು ಹೊರಿಸುವುದು ಗಣಿತದ ದೃಷ್ಟಿಯಿಂದಲೇ ಅನ್ಯಾಯ. ಮತ ಹಾಕದೆ ಮನೆಯಲ್ಲೇ ಉಳಿದ ಕ್ಷೇತ್ರದ ಇತರ ಸಾವಿರಾರು ಮಂದಿಯನ್ನು ಬಿಟ್ಟು ಅವನೊಬ್ಬನನ್ನೇ ನಾವು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇವೆ.

ಇದೇ ಬಗೆಯ ಕಥೆ 2008ರಲ್ಲಿ ರಾಜಸ್ಥಾನದ ನಾಥದ್ವಾರ ಕ್ಷೇತ್ರದಲ್ಲಿಯೂ ಹುಟ್ಟಿಕೊಂಡಿತು. ಅಲ್ಲಿ ಆಗಿನ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಸಿ.ಪಿ. ಜೋಶಿ ಅವರು ಭಾರತೀಯ ಜನತಾ ಪಕ್ಷದ ಕಲ್ಯಾಣ್ ಸಿಂಗ್ ಚೌಹಾಣ್ ಅವರ 62,216 ಮತಗಳೆದುರು 62,215 ಮತ ಪಡೆದು ಸೋತರು. ಕೂಡಲೇ ಅವರ ಮನೆಯವರೇ ಮತ ಹಾಕಲಿಲ್ಲವಂತೆ ಎಂಬ ಮಾತು ದೇಶವೆಲ್ಲ ಹರಡಿತು. ಅಂತರ ಒಂದೇ ಮತದ್ದಾದಾಗ ಜನ ಆ ಮತಕ್ಕೊಂದು ಮುಖವನ್ನು ಹುಡುಕುತ್ತಾರೆ, ಮತ್ತು ಆ ಮುಖ ಸೋತವರ ಮನೆಯಂಗಳದಲ್ಲೇ ಸಿಕ್ಕರೆ ಅವರಿಗೆ ಇನ್ನಷ್ಟು ರುಚಿ.

ಪ್ರಶ್ನೆ: ಹಾಗಾದರೆ ಮತಗಳು ಸಮವಾಗಿದ್ದರೆ ಮರುಚುನಾವಣೆ ನಡೆಯುತ್ತಿತ್ತೇ?
(ನಂಜನಗೂಡಿನಿಂದ)

ಉತ್ತರ: ಇಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮಿನ ಪ್ರಕಾರ, ಎಣಿಕೆ ಮುಗಿದ ಮೇಲೆ ಮತಗಳು ಸಮವಾಗಿದ್ದು ಇನ್ನೊಂದು ಮತ ಸೇರಿದರೆ ಯಾರಾದರೊಬ್ಬರು ಗೆಲ್ಲುವಂತಿದ್ದರೆ, ಚುನಾವಣಾಧಿಕಾರಿಯು ಅಲ್ಲಿಯೇ ಚೀಟಿ ಎತ್ತಿ ತೀರ್ಮಾನಿಸಬೇಕು. ಚೀಟಿ ಯಾರ ಹೆಸರಿಗೆ ಬಂತೋ ಅವರಿಗೆ ಹೆಚ್ಚುವರಿ ಒಂದು ಮತ ಬಿದ್ದಿತೆಂದೇ ಭಾವಿಸಲಾಗುತ್ತದೆ. ಆ ಚಾಲಕನ ಮತ ಅಭ್ಯರ್ಥಿಯನ್ನು ಹೆಚ್ಚೆಂದರೆ ಈ ಚೀಟಿಯ ಬಳಿಗೆ ಕರೆದೊಯ್ಯುತ್ತಿತ್ತು, ಅಷ್ಟೆ.

ಇದು ನಮ್ಮ ದೇಶದ ವಿಚಿತ್ರವೆಂದು ತಿಳಿಯಬೇಕಿಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದ ಶಾಸನಸಭೆಯ 94ನೇ ಕ್ಷೇತ್ರಕ್ಕೆ 2017ರ ನವೆಂಬರಿನಲ್ಲಿ ನಡೆದ ಚುನಾವಣೆಯ ಮರುಎಣಿಕೆಯಲ್ಲಿ ಶೆಲ್ಲಿ ಸೈಮಂಡ್ಸ್ ಒಂದು ಮತದಿಂದ ಗೆದ್ದರೆಂದು ಮೊದಲು ತೋರಿತು. ಆಮೇಲೆ ವಿವಾದಕ್ಕೊಳಗಾದ ಒಂದು ಮತಪತ್ರವನ್ನು ನ್ಯಾಯಾಲಯವು ಎದುರಾಳಿ ಡೇವಿಡ್ ಯಾನ್ಸಿಯವರಿಗೆ ಸೇರಿಸಿದ್ದರಿಂದ ಇಬ್ಬರಿಗೂ 11,608 ಮತಗಳಾದವು. 2018ರ ಜನವರಿಯಲ್ಲಿ ಇಬ್ಬರ ಹೆಸರುಗಳನ್ನೂ ಫಿಲ್ಮ್ ಡಬ್ಬಿಗಳಲ್ಲಿ ಹಾಕಿ, ಬೋಗುಣಿಯೊಂದರಿಂದ ಒಂದು ಡಬ್ಬಿಯನ್ನು ಎತ್ತಿದಾಗ ಯಾನ್ಸಿಯವರ ಹೆಸರು ಬಂತು. ಮುಂದಿನ ಚುನಾವಣೆಯಲ್ಲಿ ಸೈಮಂಡ್ಸ್ ಅವರು ಅದೇ ಯಾನ್ಸಿಯವರನ್ನು ಚೀಟಿಯ ಹಂಗಿಲ್ಲದೆ ಸೋಲಿಸಿದರು.

ಸಂತೇಮರಹಳ್ಳಿಯಲ್ಲಿ ಇಂಥ ಮತಪತ್ರದ ವಿವಾದಕ್ಕೆ ಹೆಚ್ಚು ಅವಕಾಶವಿರಲಿಲ್ಲ, ಏಕೆಂದರೆ 2004ರ ಹೊತ್ತಿಗೆ ಮತಯಂತ್ರಗಳು ಬಂದಿದ್ದವು. ಮುದ್ರೆ ಎರಡು ಗೆರೆಗಳ ನಡುವೆ ಬಿದ್ದಿದೆಯೋ, ಶಾಯಿ ಮಡಿಕೆಯಲ್ಲಿ ಅಂಟಿದೆಯೋ ಎಂಬ ಹಳೆಯ ಜಗಳಗಳು ಯಂತ್ರದಲ್ಲಿ ಹುಟ್ಟುವುದಿಲ್ಲ; ತಿರಸ್ಕೃತ ಮತದ ಚರ್ಚೆ ಅಂಚೆ ಮತಗಳಿಗಷ್ಟೇ ಸೀಮಿತವಾಗುತ್ತದೆ.

ಪ್ರಶ್ನೆ: ಈಗಿನ ಪಟ್ಟಿಯಲ್ಲಿ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಕಾಣುವುದಿಲ್ಲ. ಅದು ಏನಾಯಿತು?
(ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಆ ಒಂದು ಮತದ ಚುನಾವಣೆಯೇ ಸಂತೇಮರಹಳ್ಳಿಯ ಕೊನೆಯ ಸಾರ್ವತ್ರಿಕ ಚುನಾವಣೆಯೂ ಆಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಕ್ಷೇತ್ರ ಮರುವಿಂಗಡಣಾ ಆಯೋಗವು 2001ರ ಜನಗಣತಿಯ ಆಧಾರದ ಮೇಲೆ ಗಡಿಗಳನ್ನು ಮತ್ತೆ ಬರೆದು, 2008ರ ವಿಧಾನಸಭಾ ಚುನಾವಣೆ ಹೊಸ ಗಡಿಗಳಲ್ಲೇ ನಡೆಯಿತು. ರಾಜ್ಯದ ಒಟ್ಟು ಸ್ಥಾನಗಳು 1978ರಿಂದ ಇದ್ದಂತೆಯೇ 224 ಉಳಿದವು. ಆದರೆ ಬೆಂಗಳೂರು ನಗರದ ಜನಸಂಖ್ಯೆ ಉಬ್ಬಿದ್ದರಿಂದ ಅಲ್ಲಿಗೆ 28 ಸ್ಥಾನಗಳನ್ನು ಕೊಡಬೇಕಾಯಿತು, ಮತ್ತು ಆ ಸ್ಥಾನಗಳು ಗ್ರಾಮಾಂತರ ಜಿಲ್ಲೆಗಳ ಲೆಕ್ಕದಿಂದಲೇ ಬರಬೇಕಾಯಿತು. ಚಾಮರಾಜನಗರ ಜಿಲ್ಲೆಯ ಐದು ಕ್ಷೇತ್ರಗಳು ನಾಲ್ಕಾದವು: ಚಾಮರಾಜನಗರ, ಗುಂಡ್ಲುಪೇಟೆ, ಹನೂರು ಮತ್ತು ಕೊಳ್ಳೇಗಾಲ ಉಳಿದು ಸಂತೇಮರಹಳ್ಳಿ ಅಳಿಸಿಹೋಯಿತು. ಪಕ್ಕದ ಮೈಸೂರು ಜಿಲ್ಲೆಯಲ್ಲಿ ಬನ್ನೂರು ಹೀಗೆಯೇ ಮರೆಯಾದರೆ ವರುಣ ಎಂಬ ಹೊಸ ಹೆಸರು ಹುಟ್ಟಿತು. ಯಳಂದೂರು ತಾಲ್ಲೂಕೂ ಸಂತೇಮರಹಳ್ಳಿ ಹೋಬಳಿಯೂ ಪರಿಶಿಷ್ಟ ಜಾತಿಗೆ ಮೀಸಲಾದ ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿದವು.

ಜಿಲ್ಲಾವಾರು ಫಲಿತಾಂಶಗಳನ್ನು ಹೋಲಿಸುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ ಅಗತ್ಯ. 2004ರ ಕೊಳ್ಳೇಗಾಲವೂ 2008ರ ಕೊಳ್ಳೇಗಾಲವೂ ಹೆಸರಿನಲ್ಲಿ ಮಾತ್ರ ಒಂದೇ. ಹೊಸದನ್ನು ಹಳೆಯದರ ಮುಂದುವರಿಕೆಯೆಂದು ಭಾವಿಸಿ ಮತಪ್ರಮಾಣದ ಏರಿಳಿತ ಲೆಕ್ಕ ಹಾಕಿದರೆ ಬರುವ ಉತ್ತರಕ್ಕೆ ಅರ್ಥವಿರುವುದಿಲ್ಲ.

ಪ್ರಶ್ನೆ: ನಮ್ಮ ತಾತನವರು ಮೊದಲ ಚುನಾವಣೆಯಲ್ಲಿ ಮದರಾಸು ವಿಧಾನಸಭೆಗೆ ಮತ ಹಾಕಿದ್ದಾಗಿ ಹೇಳುತ್ತಿದ್ದರು. ಕೊಳ್ಳೇಗಾಲದವರು ಮದರಾಸಿಗೆ ಏಕೆ ಮತ ಹಾಕಿದರು?
(ಕೊಳ್ಳೇಗಾಲದಿಂದ)

ಉತ್ತರ: ತಾತನವರ ನೆನಪು ಸರಿಯಾಗಿದೆ. ಕೊಳ್ಳೇಗಾಲ ಆಗ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಅಲ್ಲಿನ ಮತದಾರರು ಮೈಸೂರು ವಿಧಾನಸಭೆಗೆ ಮೊದಲು ಮತ ಹಾಕಿದ್ದು 1957ರಲ್ಲಿ. ಪಕ್ಕದ ಯಳಂದೂರಿನವರು ಮೊದಲಿನಿಂದಲೂ ಮೈಸೂರಿನವರೇ.

ಪ್ರಶ್ನೆ: ಆ ಇಬ್ಬರು ಅಭ್ಯರ್ಥಿಗಳು ಮತ್ತೆಂದಾದರೂ ಎದುರುಬದುರಾದರೇ?
(ಹೆಸರು ಬೇಡವೆಂದಿರುವ ಓದುಗರು)

ಉತ್ತರ: ಎರಡು ಬಾರಿ, ಮತ್ತು ಎರಡೂ ಬಾರಿ ದೊಡ್ಡ ಕಣದಲ್ಲಿ. 2008ರಲ್ಲಿ ಧ್ರುವನಾರಾಯಣ ಅವರು ಹೊಸ ಕೊಳ್ಳೇಗಾಲದಿಂದ ಗೆದ್ದು, ಮರುವರ್ಷವೇ ಲೋಕಸಭೆಗೆ ನಿಂತರು. ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಈಗ ಭಾರತೀಯ ಜನತಾ ಪಕ್ಷದಲ್ಲಿದ್ದ ಕೃಷ್ಣಮೂರ್ತಿಯವರೇ ಅವರ ಎದುರಾಳಿ. ಅಂತರ 4,002 ಮತಗಳು. ಏಳು ಲಕ್ಷಕ್ಕೂ ಹೆಚ್ಚು ಮತಗಳು ಇವರಿಬ್ಬರ ನಡುವೆಯೇ ಹಂಚಿಹೋದ ಆ ಸ್ಪರ್ಧೆಯಲ್ಲಿ ಇದೂ ಕೂದಲೆಳೆಯೇ. ತೆರವಾದ ಕೊಳ್ಳೇಗಾಲದ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದ ಜಿ.ಎನ್. ನಂಜುಂಡಸ್ವಾಮಿ ಗೆದ್ದರು. 2014ರಲ್ಲಿ ಮತ್ತೆ ಅವರಿಬ್ಬರದೇ ಹಣಾಹಣಿ. ಈ ಸಲ ಧ್ರುವನಾರಾಯಣ ಅವರು 1.41 ಲಕ್ಷ ಮತಗಳಿಂದ ಮುಂದಾದರು.

ಆಮೇಲೆ ಅಚ್ಚರಿಯ ತಿರುವು. 2018ರ ಹೊತ್ತಿಗೆ ಕೃಷ್ಣಮೂರ್ತಿಯವರು ಕಾಂಗ್ರೆಸ್ಸಿಗೆ ಬಂದು, ತಮ್ಮನ್ನು ಮೂರು ಬಾರಿ ಸೋಲಿಸಿದವರ ಪಕ್ಷದಿಂದಲೇ ಕೊಳ್ಳೇಗಾಲದಲ್ಲಿ ಸ್ಪರ್ಧಿಸಿದರು. ಅಲ್ಲಿ ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಗೆದ್ದು, ಕುಮಾರಸ್ವಾಮಿಯವರ ಸಂಪುಟದಲ್ಲಿ ಕೆಲವು ತಿಂಗಳು ಶಿಕ್ಷಣ ಸಚಿವರಾದರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಸ್ವತಃ ಧ್ರುವನಾರಾಯಣ ಅವರೇ ವಿ. ಶ್ರೀನಿವಾಸ ಪ್ರಸಾದ್ ಅವರೆದುರು 1,817 ಮತಗಳ ಅಂತರದಿಂದ ಸೋತರು.

2023ರ ಮಾರ್ಚ್ 11ರಂದು ಧ್ರುವನಾರಾಯಣ ತೀರಿಕೊಂಡರು. ಎರಡು ತಿಂಗಳ ಬಳಿಕ ನಡೆದ ವಿಧಾನಸಭಾ ಚುನಾವಣೆಯಲ್ಲಿ, ಅಷ್ಟರಲ್ಲಿ ಭಾರತೀಯ ಜನತಾ ಪಕ್ಷ ಸೇರಿದ್ದ ಮಹೇಶ್ ಅವರನ್ನು ಕೃಷ್ಣಮೂರ್ತಿಯವರು ಕೊಳ್ಳೇಗಾಲದಲ್ಲಿ 59 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ, ಸಂತೇಮರಹಳ್ಳಿ ಹೋಬಳಿಯ ಮತದಾರರಿಗೆ ಶಾಸಕರಾದರು.